ಹೊಸ್ತಿಲ ಮೇಲಣ ವಿದ್ಯೆ

ಮನುಷ್ಯನು ತನ್ನ ಅನುಕೂಲಕ್ಕೆಂದು ಕಟ್ಟಿಕೊಂಡ ಗೋಡೆಗಳಲ್ಲಿ ಕೆಲವು, ಕಾಲ ಕಳೆದಂತೆಲ್ಲ, ಸೃಷ್ಟಿಯೊಡನೆಯೇ ಹುಟ್ಟಿಬಂದವೆಂಬ ಭ್ರಮೆಯನ್ನು ಉಂಟುಮಾಡುವುವು. ಪ್ರೌಢಶಾಲೆಗೂ ಕಾಲೇಜಿಗೂ ನಡುವೆ ನಿಂತಿರುವ ಗೋಡೆಯು ಅಂತಹವುಗಳಲ್ಲಿ ಒಂದು. ಇತ್ತಣವನು ಬಾಲಕ, ಅತ್ತಣವನು ತರುಣ. ಇಲ್ಲಿ ಹೇಳಿದುದನ್ನು ಕೇಳಬೇಕು, ಅಲ್ಲಿ ಕೇಳಿದುದನ್ನು ವಿಚಾರಿಸಬೇಕು. ಇಲ್ಲಿ ಗಂಟೆ ಬಾರಿಸಿ ಕರೆಯುವರು, ಅಲ್ಲಿ ತಾನೇ ಗಡಿಯಾರ ನೋಡಿಕೊಂಡು ಹೋಗಬೇಕು. ಇಷ್ಟನ್ನು ಗೃಹಸ್ಥರೆಲ್ಲರೂ ಬಲ್ಲರು. ಆದರೆ ಒಂದು ಬೇಸಗೆಯ ರಜೆ ಕಳೆಯುವಷ್ಟರಲ್ಲಿ ಬಾಲಕನು ತರುಣನಾಗುವುದೆಂತು ಎಂದು ಕೇಳುವವರು ವಿರಳ. ಬುದ್ಧಿಯು ಪಂಚಾಂಗವನ್ನು ನೋಡಿಕೊಂಡು ಮಾಗುವುದಿಲ್ಲ. ಒಂದೇ ಮಾವಿನ ಮರದಲ್ಲಿ ಒಂದು ಕಾಯಿ ಬೇಗನೆ ಬಣ್ಣಕ್ಕೆ ತಿರುಗಿದರೆ, ಅದರ ಪಕ್ಕದ್ದು ಮಳೆ ಹಿಡಿಯುವವರೆಗೂ ಹಸುರಾಗಿಯೇ ಇರುವುದು.

ಈ ಗೋಡೆಯಲ್ಲಿ ಒಂದು ಚಿಕ್ಕ ಬಾಗಿಲನ್ನು ತೆರೆದರೆ ಏನಾಗುವುದೆಂಬುದನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳವರು ಎಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಪರೀಕ್ಷಿಸಿ ನೋಡಿರುವರು. ಪ್ರೌಢಶಾಲೆಯಲ್ಲಿ ಇನ್ನೂ ಓದುತ್ತಿರುವ ಹುಡುಗ ಹುಡುಗಿಯರು ಅಲ್ಲಿ ಕಾಲೇಜಿನ ಪಾಠಗಳನ್ನು ಓದಿ, ಮುಂದೆ ಪದವಿಯ ಲೆಕ್ಕಕ್ಕೆ ಸಲ್ಲುವ ‘ಕ್ರೆಡಿಟ್’ಗಳನ್ನು ಮುಂಗಡವಾಗಿ ಸಂಪಾದಿಸಿಕೊಳ್ಳುವರು. ನಮ್ಮ ದೇಶದಲ್ಲಿಯೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಕ್ರೆಡಿಟ್ ಎಂಬ ಮಾತು ಮನೆಮನೆಯನ್ನು ಪ್ರವೇಶಿಸಿರುವುದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಕಲಿಕೆಯನ್ನೂ ಕಾಲೇಜಿನ ಕಲಿಕೆಯನ್ನೂ ಒಂದೇ ಲೆಕ್ಕದಲ್ಲಿ ಬರೆದಿಡುವ ಉದ್ದೇಶವುಳ್ಳದ್ದು. ಹೀಗಿರುವಲ್ಲಿ, ಈ ದಾರಿಯಲ್ಲಿ ಮುಂದೆ ನಡೆದವರ ಅನುಭವವನ್ನು ಅರಿತುಕೊಳ್ಳುವುದು ನಮಗೂ ಪ್ರಯೋಜನಕರ.

ಮೊದಲು ಕ್ರೆಡಿಟ್ ಎಂದರೇನೆಂಬುದನ್ನು ನೋಡಬೇಕು. ಅದು ಜ್ಞಾನವನ್ನು ಅಳೆಯಲು ಹುಟ್ಟಿದ ಕೊಳಗವಲ್ಲ. 1905ರಲ್ಲಿ ಉಕ್ಕಿನ ವ್ಯಾಪಾರದಿಂದ ಅಪಾರ ಧನವನ್ನು ಗಳಿಸಿದ ಆಂಡ್ರೂ ಕಾರ್ನೆಗಿಯು ಕಾಲೇಜುಗಳ ವೃದ್ಧ ಅಧ್ಯಾಪಕರಿಗೆ ವಿಶ್ರಾಂತಿ ವೇತನ ದೊರೆಯಲೆಂದು ಒಂದು ಕೋಟಿ ಡಾಲರುಗಳನ್ನು ಕೊಟ್ಟನು. ಹಣವೇನೋ ಬಂದಿತು, ಆದರೆ ಅದನ್ನು ಪಡೆಯತಕ್ಕ ಕಾಲೇಜು ಯಾವುದು? ಆ ಕಾಲದ ಅಮೆರಿಕದಲ್ಲಿ ಕಾಲೇಜೆಂಬ ಹೆಸರಿನ ಹಲಗೆಯನ್ನು ತೂಗಹಾಕಿದ ಸಂಸ್ಥೆಗಳಲ್ಲಿ ಕೆಲವು ಪ್ರೌಢಶಾಲೆಗಿಂತ ಹೆಚ್ಚಿನವಾಗಿರಲಿಲ್ಲ. ಆದಕಾರಣ ನಿಧಿಯ ಆಡಳಿತಗಾರರು ಒಂದು ನಿಯಮವನ್ನು ಮಾಡಿದರು: ಪ್ರೌಢಶಾಲೆಯಲ್ಲಿ 14 ‘ಯೂನಿಟ್’ಗಳ ವ್ಯಾಸಂಗ ಮಾಡಿದವರನ್ನು ಮಾತ್ರ ಸೇರಿಸಿಕೊಳ್ಳುವುದೇ ಕಾಲೇಜು, ಒಂದು ವಿಷಯವನ್ನು ವರ್ಷದಲ್ಲಿ ಸುಮಾರು 120 ಗಂಟೆಗಳ ಕಾಲ ಓದಿದರೆ ಒಂದು ಯೂನಿಟ್. ವೇತನದ ಆಸೆಯಿಂದ ಕಾಲೇಜುಗಳೂ, ಕಾಲೇಜುಗಳ ಒತ್ತಾಯದಿಂದ ಶಾಲೆಗಳೂ ಈ ಅಳತೆಯನ್ನು ಒಪ್ಪಿಕೊಂಡವು. ಮುದುಕರ ಜೀವನೋಪಾಯಕ್ಕೆಂದು ಹುಟ್ಟಿದ ಲೆಕ್ಕವು ಹೀಗೆ ಮಕ್ಕಳ ವಿದ್ಯೆಗೆ ಮಾನದಂಡವಾಗಿ ನಿಂತಿತು. ಕಾಲೇಜಿನಲ್ಲಿಯೂ ಇದೇ ಬಗೆಯ ಎಣಿಕೆ ನಡೆಯುವುದು: ವಾರಕ್ಕೆ ಮೂರು ಗಂಟೆಯಂತೆ ಸುಮಾರು ಹದಿನೈದು ವಾರಗಳ ಒಂದು ಪಾಠಕ್ರಮಕ್ಕೆ ಸಾಧಾರಣವಾಗಿ ಮೂರು ಕ್ರೆಡಿಟ್, ಇಂತಹ 120 ಕ್ರೆಡಿಟ್‌ಗಳು ಕೂಡಿದರೆ ಪದವಿ.

ಅಳತೆಯು ಕಾಲವನ್ನು ಅಳೆಯುವುದೆಂದ ಮೇಲೆ ಒಂದು ಸಂದೇಹವು ತಾನಾಗಿಯೇ ಏಳುವುದು. ಅದೇ ಪಾಠವನ್ನು ಒಬ್ಬನು ಬೇರೊಂದು ಕಟ್ಟಡದಲ್ಲಿ, ಎರಡು ವರ್ಷ ಮೊದಲೇ, ಅಷ್ಟೇ ಚೆನ್ನಾಗಿ ಕಲಿತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕೊ ಬೇಡವೊ? ಚಿಕಾಗೊ ವಿಶ್ವವಿದ್ಯಾನಿಲಯದ ಮೊದಲ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರರು ಹಿಡಿಯಬೇಕೆಂಬ ಪಕ್ಷದವರಾಗಿದ್ದರು. ಅವರ ಪ್ರೋತ್ಸಾಹದಿಂದ 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಿನ ಪ್ರೌಢಶಾಲೆಯಲ್ಲಿ, ಆ ಶಾಲೆಯ ಮುಖ್ಯಸ್ಥರಾಗಿದ್ದ ಸ್ಟ್ಯಾನ್ಲಿ ಬ್ರೌನರು ಆರು ಮಂದಿ ವಿದ್ಯಾರ್ಥಿಗಳಿಗೆ ಕಾಲೇಜಿನ ಮೊದಲ ವರ್ಷಗಳ ಪಾಠವನ್ನು ಆರಂಭಿಸಿದರು. ಇಂದು ಅಮೆರಿಕದ ಊರೂರುಗಳಲ್ಲಿ ಕಾಣಬರುವ ಸಾರ್ವಜನಿಕ ಸಮುದಾಯ ಕಾಲೇಜುಗಳ ಮೂಲವು ಈ ಆರು ಮಂದಿಯ ತರಗತಿ. ಕಾಲೇಜು ಪ್ರೌಢಶಾಲೆಯ ಮಾಡಿನ ಕೆಳಗೆ ಹುಟ್ಟಿತೆಂಬುದನ್ನು ನೆನೆದರೆ, ಮೊದಲು ಹೇಳಿದ ಗೋಡೆಯು ಎಷ್ಟು ಇತ್ತೀಚಿನದೆಂಬುದು ತಿಳಿದೀತು.

ಎರಡನೆಯ ಮಹಾಯುದ್ಧವು ಮುಗಿದು ಕೊರಿಯದ ಯುದ್ಧವು ನಡೆಯುತ್ತಿದ್ದ ಸಮಯದಲ್ಲಿ ಈ ಪ್ರಶ್ನೆಯು ಮತ್ತೆ ತಲೆಯೆತ್ತಿತು. ಹದಿನೆಂಟು ತುಂಬಿದ ಹುಡುಗರಿಗೆ ಸೈನ್ಯದ ಕರೆ ಬರುವ ಕಾಲ. ಆ ಕರೆ ಬರುವುದರೊಳಗೆ ಎರಡು ವರ್ಷದ ಕಾಲೇಜು ವಿದ್ಯೆಯಾದರೂ ಅವರಿಗೆ ದೊರೆಯಲೆಂಬ ಕಳಕಳಿಯಿಂದ 1951ರಲ್ಲಿ ಫೋರ್ಡ್ ಪ್ರತಿಷ್ಠಾನದ ನಿಧಿಯೊಂದು ಹದಿನಾರರ ಆಸುಪಾಸಿನ ಹುಡುಗರನ್ನು ಆರಿಸಿ ಚಿಕಾಗೊ, ಕೊಲಂಬಿಯ, ಯೇಲ್, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯಗಳಿಗೆ ಕಳುಹಿಸಿತು. ಅದೇ ನಿಧಿಯ ಸಹಾಯದಿಂದ ಮತ್ತೆರಡು ವಿಚಾರಣೆಗಳು ನಡೆದವು. ಹೆಸರಾಂತ ಮೂರು ಶಾಲೆಗಳೂ ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್‌ಗಳೂ ಸೇರಿ ನಡೆಸಿದ ಮೊದಲನೆಯದರಲ್ಲಿ, ಒಳ್ಳೆಯ ಶಾಲೆಯಿಂದ ಬಂದ ಹುಡುಗನು ಕಾಲೇಜಿನ ಮೊದಲ ವರ್ಷಗಳಲ್ಲಿ ಉತ್ತ ಹೊಲವನ್ನೇ ಮತ್ತೆ ಉಳುತ್ತಿರುವನೆಂದು ಕಂಡುಬಂದಿತು. ಒಹಾಯೊ ಪ್ರಾಂತದ ಕೆನ್ಯನ್ ಕಾಲೇಜಿನ ಅಧ್ಯಕ್ಷ ಗಾರ್ಡನ್ ಚಾಮರ್ಸರ ನೇತೃತ್ವದಲ್ಲಿ ಹನ್ನೆರಡು ಕಾಲೇಜುಗಳು ನಡೆಸಿದ ಎರಡನೆಯದರಲ್ಲಿ, ಹುಡುಗರನ್ನು ಶಾಲೆಯಿಂದ ಕಿತ್ತು ತರುವುದಕ್ಕಿಂತ ಕಾಲೇಜಿನ ಪಾಠವನ್ನೇ ಶಾಲೆಗೆ ಕಳುಹಿಸುವುದು ಲೇಸೆಂಬ ಉಪಾಯವು ಹೊಳೆಯಿತು. ಮಗುವು ತನ್ನ ಮನೆಯಲ್ಲಿ, ತನ್ನ ಗೆಳೆಯರ ನಡುವೆಯೇ ಇರಲಿ; ಮೇಲಿನ ಪಾಠವು ಅವನಿದ್ದಲ್ಲಿಗೆ ಇಳಿದು ಬರಲಿ ಎಂಬುದು ಅದರ ತಿರುಳು.

ಈ ಉಪಾಯವೇ ‘ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್’ ಎಂಬ ಹೆಸರಿನಿಂದ ಬೆಳೆಯಿತು. ಕಾಲೇಜುಗಳ ಪ್ರವೇಶ ಪರೀಕ್ಷೆಗಳಿಗಾಗಿ 1900ರಲ್ಲಿ ಸ್ಥಾಪಿತವಾಗಿದ್ದ ಕಾಲೇಜ್ ಬೋರ್ಡ್ ಎಂಬ ಮಂಡಲಿಯು 1955ರಲ್ಲಿ ಇದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1956ರ ಪರೀಕ್ಷೆಗಳಿಗೆ ಕುಳಿತವರು 104 ಶಾಲೆಗಳ 1,229 ಮಂದಿ. ಇಂದು ಪ್ರತಿವರ್ಷವೂ ಹತ್ತು ಲಕ್ಷಕ್ಕೆ ಮೀರಿದ ವಿದ್ಯಾರ್ಥಿಗಳು ಈ ಪರೀಕ್ಷೆಗಳನ್ನು ಬರೆಯುವರು. ವಿಷಯಗಳ ಸಂಖ್ಯೆಯು ನಲವತ್ತರ ಹತ್ತಿರ ಬಂದಿರುವುದು. ಶಾಲೆಯ ಉಪಾಧ್ಯಾಯರು ವರ್ಷವೆಲ್ಲ ಪಾಠ ಹೇಳುವರು. ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಬಗೆಯ ಪರೀಕ್ಷೆ. ಜೂನ್ ತಿಂಗಳಲ್ಲಿ ಕಾಲೇಜಿನ ಅಧ್ಯಾಪಕರೂ ಶಾಲೆಯ ಉಪಾಧ್ಯಾಯರೂ ಜೊತೆಯಾಗಿ ಕುಳಿತು ವಿವರಣೆಯ ಉತ್ತರಗಳನ್ನು ಓದಿ ಬೆಲೆ ಕಟ್ಟುವರು. ಒಂದರಿಂದ ಐದರವರೆಗಿನ ಅಂಕಗಳಲ್ಲಿ ಮೂರಾದರೂ ಬಂದರೆ ಕಾಲೇಜಿನ ಪಾಠಕ್ಕೆ ಅರ್ಹತೆಯುಂಟೆಂದು ಮಂಡಲಿಯ ಅಭಿಪ್ರಾಯ. ಅದಕ್ಕೆ ಕ್ರೆಡಿಟ್ ಕೊಡುವುದೂ ಬಿಡುವುದೂ ಹುಡುಗನು ಸೇರಲಿರುವ ಕಾಲೇಜಿನ ಇಷ್ಟ.

ಇನ್ನೊಂದು ದಾರಿಯೂ ಉಂಟು. ಇದರಲ್ಲಿ ಒಂದೇ ದಿನದ ಪರೀಕ್ಷೆಯಿಲ್ಲ. ವಿದ್ಯಾರ್ಥಿಯ ಹೆಸರು ಶಾಲೆಯ ಪುಸ್ತಕದಲ್ಲಿಯೂ ಕಾಲೇಜಿನ ಪುಸ್ತಕದಲ್ಲಿಯೂ ಏಕಕಾಲದಲ್ಲಿ ದಾಖಲಾಗಿರುವುದು. ಅವನು ಕಾಲೇಜಿಗೆ ನಡೆದುಹೋಗಿ ಪಾಠ ಕೇಳಬಹುದು. ಇಲ್ಲವೆ ಕಾಲೇಜಿನ ಒಪ್ಪಿಗೆ ಪಡೆದ ಉಪಾಧ್ಯಾಯರು ಶಾಲೆಯಲ್ಲಿಯೇ ಅದನ್ನು ಹೇಳಬಹುದು. ಪ್ರೌಢಶಾಲೆಯ ಕೊನೆಯ ವರ್ಷದ ಹುಡುಗರಿಗೆ ಪಾಠವು ಬೇಸರವಾಗಿ ಕಾಲಹರಣ ಮಾಡುತ್ತಿರುವರೆಂದು ನ್ಯೂಯಾರ್ಕ್ ಪ್ರಾಂತದ ಸಿರಕ್ಯೂಸ್ ನಗರದ ಸುತ್ತಣ ಶಾಲೆಗಳ ಅಧಿಕಾರಿಗಳು ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ತಿಳಿಸಿದ್ದರಿಂದ 1972ರಲ್ಲಿ ಇಂತಹ ಏರ್ಪಾಡೊಂದು ಆರಂಭವಾಯಿತು. ನಮ್ಮ ಮನೆಗಳಲ್ಲಿ ಹೊಸ್ತಿಲ ಮೇಲೆ ಕುಳಿತ ಮಗುವನ್ನು ಹಿರಿಯರು ಗದರುವುದುಂಟು: ಒಳಗಾದರೂ ಬಾ, ಹೊರಗಾದರೂ ಹೋಗು, ನಡುವೆ ಕೂರಬೇಡ ಎಂದು. ಶಾಲೆಯ ಕೊನೆಯ ವರ್ಷದ ಬುದ್ಧಿವಂತ ಹುಡುಗನ ಸ್ಥಿತಿಯು ಅದೇ. 1985ರಲ್ಲಿ ಮಿನೆಸೋಟ ಪ್ರಾಂತವು ಶಾಸನವನ್ನೇ ಮಾಡಿ, ಪ್ರೌಢಶಾಲೆಯ ಕೊನೆಯ ಎರಡು ತರಗತಿಗಳವರು ಸರ್ಕಾರದ ಖರ್ಚಿನಲ್ಲಿ ಕಾಲೇಜಿನ ಪಾಠಗಳಿಗೆ ಹೋಗಲು ಅವಕಾಶ ಕೊಟ್ಟಿತು; ವಾಷಿಂಗ್ಟನ್ ಪ್ರಾಂತವು 1990ರಲ್ಲಿ ಅದನ್ನು ಹಿಂಬಾಲಿಸಿತು. 2022–23ರಲ್ಲಿ ಅಮೆರಿಕದಲ್ಲಿ ಹೀಗೆ ಎರಡೂ ಕಡೆ ಓದುತ್ತಿದ್ದ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 25 ಲಕ್ಷ.

ಈ ಸಂಖ್ಯೆಗಳ ಹಿಂದೆ ಮನೆಮನೆಯ ಜಮಾಖರ್ಚು ಇರುವುದನ್ನು ಮರೆಯಲಾಗದು. ಅಮೆರಿಕದಲ್ಲಿ ಕಾಲೇಜಿನ ವಿದ್ಯೆಯು ಬಹು ದುಬಾರಿ. ಸಾಲ ಮಾಡಿ ಓದಿ, ನಡುವಯಸ್ಸಿನವರೆಗೂ ಅದನ್ನು ತೀರಿಸುತ್ತಿರುವವರು ಅಲ್ಲಿ ಅಸಂಖ್ಯಾತರು. ಪರೀಕ್ಷೆಗೆ ಕೊಡುವ ಸುಮಾರು ನೂರು ಡಾಲರುಗಳಿಂದ ಕಾಲೇಜಿನ ಒಂದು ಪಾಠಕ್ರಮದ ಶುಲ್ಕವು ಉಳಿಯುವುದಾದರೆ, ಅದು ಬಡ ಗೃಹಸ್ಥನಿಗೆ ಸಣ್ಣ ಮಾತಲ್ಲ. ಒಂದು ವರ್ಷವೇ ಉಳಿದರಂತೂ ತಂಗಿಯ ಓದಿಗೆ ದಾರಿಯಾಯಿತು. ಆದರೆ ಹಣದ ಉಳಿತಾಯಕ್ಕಿಂತ ಹೆಚ್ಚಿನದೊಂದು ಈ ಏರ್ಪಾಡಿನಲ್ಲಿ ಅಡಗಿರುವುದನ್ನು ಲಾಸ್ ಏಂಜಲಿಸ್ ನಗರದ ಗಾರ್‌ಫೀಲ್ಡ್ ಪ್ರೌಢಶಾಲೆಯ ಕಥೆಯು ತೋರಿಸುವುದು.

ಆ ಶಾಲೆಯು ನಗರದ ಪೂರ್ವಭಾಗದಲ್ಲಿ, ಮೆಕ್ಸಿಕೊ ಮೂಲದ ಬಡ ಕೂಲಿಕಾರರ ವಸತಿಗಳ ನಡುವೆ ಇರುವುದು. 1970ರ ದಶಕದಲ್ಲಿ ಅಲ್ಲಿಯ ಶಿಸ್ತೂ ವಿದ್ಯೆಯೂ ಎಷ್ಟು ಕೆಟ್ಟಿದ್ದವೆಂದರೆ, ಶಾಲೆಯ ಮಾನ್ಯತೆಯೇ ಹೋಗುವ ಭಯವಿತ್ತು. 1974ರಲ್ಲಿ ಅಲ್ಲಿಗೆ ಗಣಿತದ ಉಪಾಧ್ಯಾಯರಾಗಿ ಬಂದವರು ಹೈಮೆ ಎಸ್ಕಲಾಂಟೆ. ಬೊಲಿವಿಯ ದೇಶದ ಲಾ ಪಾಸ್ ನಗರದಲ್ಲಿ 1930ರಲ್ಲಿ ಜನಿಸಿದ ಅವರು ಉಪಾಧ್ಯಾಯರ ಮಗ, ತಾವೂ ಆ ದೇಶದಲ್ಲಿ ಹೆಸರು ಪಡೆದ ಉಪಾಧ್ಯಾಯರು. 1960ರ ದಶಕದಲ್ಲಿ ಅಮೆರಿಕಕ್ಕೆ ಬಂದಾಗ ಇಂಗ್ಲಿಷ್ ಭಾಷೆ ಬಾರದು. ಅವರ ಹಳೆಯ ಪದವಿಗೆ ಅಲ್ಲಿ ಬೆಲೆಯಿಲ್ಲ. ಭೋಜನಗೃಹವೊಂದರಲ್ಲಿ ನೆಲವನ್ನು ಒರಸಿ, ಅಡಿಗೆಯ ಕೆಲಸ ಮಾಡಿ, ಬಿಡುವಿನಲ್ಲಿ ಕಾಲೇಜಿಗೆ ಹೋಗಿ, ಭಾಷೆಯನ್ನು ಕಲಿತು, ಗಣಿತದಲ್ಲಿ ಮತ್ತೊಮ್ಮೆ ಪದವಿ ಪಡೆದು, ನಲವತ್ತು ದಾಟಿದ ಮೇಲೆ ಅವರು ಪುನಃ ಕಪ್ಪುಹಲಗೆಯ ಮುಂದೆ ನಿಂತರು. ತಾನು ಕಲಿತ ವಿದ್ಯೆಯನ್ನು ಬೇರೆ ದೇಶವು ಲೆಕ್ಕಕ್ಕೆ ಹಿಡಿಯದಿದ್ದರೆ ಆಗುವ ನೋವನ್ನು ಅವರು ಸ್ವತಃ ಉಂಡವರೆಂಬುದು ಗಮನಿಸತಕ್ಕ ಸಂಗತಿ.

ಅಂಕಗಣಿತವೇ ಸರಿಯಾಗಿ ಬಾರದೆಂದು ಎಲ್ಲರೂ ಕೈಬಿಟ್ಟಿದ್ದ ಆ ಮಕ್ಕಳಿಗೆ ಎಸ್ಕಲಾಂಟೆಯವರು ಕಾಲೇಜಿನ ಕಲನಶಾಸ್ತ್ರವನ್ನು ಕಲಿಸಲು 1978ರಲ್ಲಿ ಕೈಹಾಕಿದರು. ಹದಿನಾಲ್ಕು ಮಂದಿ ಸೇರಿದರು, ಪರೀಕ್ಷೆಯ ಹೊತ್ತಿಗೆ ಉಳಿದವರು ಐವರು, ತೇರ್ಗಡೆಯಾದವರು ಇಬ್ಬರು. ಬೇರೊಬ್ಬರಾಗಿದ್ದರೆ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಅವರು ಮಕ್ಕಳನ್ನು ಶಾಲೆಯ ವೇಳೆಗೆ ಮೊದಲೂ ಅನಂತರವೂ ಕೂಡಿಸಿಕೊಂಡರು, ಶನಿವಾರಗಳನ್ನೂ ಬೇಸಗೆಯ ರಜೆಯನ್ನೂ ಬಿಡಲಿಲ್ಲ, ಕೆಳಗಿನ ತರಗತಿಗಳಿಂದಲೇ ಗಣಿತದ ತಳಪಾಯವನ್ನು ಹಾಕಿಸುತ್ತ ಬಂದರು, ತಂದೆತಾಯಿಗಳಿಗೆ ತಿಳಿಯಹೇಳಿದರು. ಈ ವಿದ್ಯೆಗೆ ಬೇಕಾದುದು ‘ಗಾನಾಸ್’ ಎಂದು ಅವರು ಹೇಳುತ್ತಿದ್ದರು; ಛಲ, ಹುರುಪು, ಬೇಕೆಂಬ ಹಂಬಲ ಇವೆಲ್ಲ ಆ ಒಂದು ಸ್ಪ್ಯಾನಿಷ್ ಮಾತಿನಲ್ಲಿ ಅಡಗಿರುವುವು. 1982ರಲ್ಲಿ ಹದಿನೆಂಟು ಮಂದಿ ಪರೀಕ್ಷೆ ಬರೆದರು. ಹದಿನೆಂಟು ಮಂದಿಯೂ ತೇರ್ಗಡೆಯಾದರು.

ಆಗ ಬಂದಿತು ವಿಪತ್ತು. ಪರೀಕ್ಷೆಯನ್ನು ನಡೆಸುತ್ತಿದ್ದ ಸಂಸ್ಥೆಯವರಿಗೆ ಹದಿನಾಲ್ಕು ಮಂದಿಯ ಉತ್ತರಗಳ ಮೇಲೆ ಸಂದೇಹವುಂಟಾಯಿತು. ಒಂದು ಪ್ರಶ್ನೆಗೆ ಬರೆದ ಉತ್ತರಗಳಲ್ಲಿ ತಪ್ಪುಗಳು ಒಂದನ್ನೊಂದು ಹೋಲುತ್ತಿದ್ದುವೆಂಬುದು ಕಾರಣ. ಊರಿನವರಿಗೆ ಇದು ಬಡವರ ಮಕ್ಕಳಿಗೆ ಆದ ಅವಮಾನವಾಗಿ ಕಂಡಿತು. ಸಂಸ್ಥೆಯವರು ತಾವು ಕಾಗದಗಳನ್ನು ಮಾತ್ರ ನೋಡಿದುದಾಗಿ ಹೇಳಿದರು. ವಾದವು ಎಷ್ಟು ಬೆಳೆದರೂ ಅದನ್ನು ತೀರಿಸುವ ದಾರಿ ಒಂದೇ ಇತ್ತು. ಬೇಸಗೆಯ ರಜೆಯ ಕೊನೆಗೆ, ಕೆಲವೇ ದಿನಗಳ ಸಿದ್ಧತೆಯಿಂದ, ಹನ್ನೆರಡು ಮಂದಿ ಬೇರೆ ಪ್ರಶ್ನೆಗಳ ಹೊಸ ಪರೀಕ್ಷೆಗೆ ಕುಳಿತರು. ಹನ್ನೆರಡು ಮಂದಿಯೂ ಮತ್ತೆ ತೇರ್ಗಡೆಯಾದರು. ಮಕ್ಕಳಿಗೆ ಕಲನಶಾಸ್ತ್ರ ಬರುವುದೋ ಬಾರದೋ ಎಂಬ ಪ್ರಶ್ನೆ ಆ ದಿನಕ್ಕೆ ಮುಗಿಯಿತು.

1987ರ ಹೊತ್ತಿಗೆ ಕಲನಶಾಸ್ತ್ರದ ಪರೀಕ್ಷೆಗೆ ಈ ಶಾಲೆಗಿಂತ ಹೆಚ್ಚು ಮಕ್ಕಳನ್ನು ಕೂಡಿಸುತ್ತಿದ್ದ ಶಾಲೆಗಳು ಇಡಿಯ ಅಮೆರಿಕದಲ್ಲಿ ಬೆರಳೆಣಿಕೆಯಷ್ಟಾಗಿದ್ದವು. 1988ರಲ್ಲಿ ಈ ವೃತ್ತಾಂತವು ಚಲನಚಿತ್ರವಾಯಿತು. 2010ರಲ್ಲಿ ಎಸ್ಕಲಾಂಟೆಯವರು ತೀರಿಕೊಂಡ ಮೇಲೆ, 2016ರಲ್ಲಿ ಅವರ ಮುಖವುಳ್ಳ ಅಂಚೆಚೀಟಿಯೂ ಹೊರಬಂದಿತು. ಆದರೆ ಅಷ್ಟಕ್ಕೆ ಕಥೆಯನ್ನು ನಿಲ್ಲಿಸಿದರೆ ಅದು ಅರ್ಧ ಸತ್ಯವಾದೀತು. ಅವರಿಗೆ ಬೆಂಬಲವಾಗಿದ್ದ ಮುಖ್ಯೋಪಾಧ್ಯಾಯರು ಆ ಸ್ಥಾನದಿಂದ ಹೋದರು; 1991ರಲ್ಲಿ ಎಸ್ಕಲಾಂಟೆಯವರೂ ಆ ಶಾಲೆಯನ್ನು ಬಿಟ್ಟರು; ಮುಂದಿನ ವರ್ಷಗಳಲ್ಲಿ ತೇರ್ಗಡೆಯಾದವರ ಸಂಖ್ಯೆಯು ಇಳಿಯಿತು. ಮಂಡಲಿಯು ಇದ್ದೇ ಇತ್ತು, ಪರೀಕ್ಷೆಯೂ ಇತ್ತು, ಕ್ರೆಡಿಟ್ ಕೊಡುವ ಕಾಲೇಜುಗಳೂ ಇದ್ದವು. ಇಲ್ಲದೆ ಹೋದುದು ಕೆಳಗಿನ ತರಗತಿಯಿಂದ ಮೇಲಿನವರೆಗೆ ಮಕ್ಕಳ ಕೈಹಿಡಿದು ನಡೆಸುವ ಗುರು. ಬಾಗಿಲನ್ನು ತೆರೆಯುವುದು ಸರ್ಕಾರಕ್ಕೂ ಮಂಡಲಿಗೂ ಸಾಧ್ಯ. ಹೊಸ್ತಿಲನ್ನು ದಾಟಿಸುವುದು ಮಾತ್ರ ಗುರುವಿನ ಕೆಲಸ.

ಇದೇ ಮಾತಿಗೆ ಬೇರೊಂದು ದಿಕ್ಕಿನಿಂದಲೂ ಸಾಕ್ಷ್ಯವುಂಟು. ಕಾಲೇಜಿನ ಪಾಠವನ್ನು ಮುಂಗಡವಾಗಿ ಕೊಡುವುದು ಜಾಣರಿಗೆ ಮಾತ್ರ ಎಂಬ ನಂಬಿಕೆಯಿದ್ದ ಕಾಲದಲ್ಲಿ, 1974ರಲ್ಲಿ, ನ್ಯೂಯಾರ್ಕಿನ ಲಗಾರ್ಡಿಯ ಸಮುದಾಯ ಕಾಲೇಜಿನ ಆವರಣದೊಳಗೆ ‘ಮಿಡಲ್ ಕಾಲೇಜ್’ ಎಂಬ ಪ್ರೌಢಶಾಲೆಯು ಆರಂಭವಾಯಿತು. ಅದರ ಕಲ್ಪನೆಯು ಜಾನೆಟ್ ಲೀಬರ್‌ಮನ್ ಎಂಬ ಅಧ್ಯಾಪಕಿಯವರದು. ಅಲ್ಲಿ ಸೇರಿಸಿಕೊಂಡವರು ಶಾಲೆಯನ್ನು ನಡುವೆಯೇ ಬಿಟ್ಟುಬಿಡುವರೆಂದು ಎಲ್ಲರೂ ಎಣಿಸಿದ್ದ ಹುಡುಗ ಹುಡುಗಿಯರು. ಹಿಂದುಳಿದವನಿಗೆ ಸುಲಭದ ಪಾಠವನ್ನು ಕೊಟ್ಟು ಇನ್ನಷ್ಟು ಹಿಂದಕ್ಕೆ ತಳ್ಳುವುದರ ಬದಲು, ದೊಡ್ಡವರ ನಡುವೆ ಕೂರಿಸಿ ದೊಡ್ಡ ಕೆಲಸವನ್ನು ಕೊಟ್ಟು ನೋಡೋಣ ಎಂಬುದು ಅವರ ವಿಚಾರ. ಮನೆಯಲ್ಲಿ ಅಂಬೆಗಾಲಿಡುವ ಕೂಸು ನಡೆಯುವವರನ್ನು ಕಂಡೇ ಎದ್ದು ನಿಲ್ಲುವುದಲ್ಲವೆ? ಆ ಮಾದರಿಯು ಅನಂತರ ದೇಶದ ಅನೇಕ ಕಡೆ ಹರಡಿತು. 2002ರಿಂದ ಗೇಟ್ಸ್ ಪ್ರತಿಷ್ಠಾನದ ಧನಸಹಾಯವೂ ಇಂತಹ ಶಾಲೆಗಳಿಗೆ ದೊರೆಯಿತು. ಪ್ರೌಢಶಾಲೆಯ ಪ್ರಮಾಣಪತ್ರದೊಡನೆಯೇ ಎರಡು ವರ್ಷದ ಕಾಲೇಜು ಪದವಿಯನ್ನೂ ಪಡೆದು ಹೊರಬರುವ ಮಕ್ಕಳಲ್ಲಿ, ತಮ್ಮ ಮನೆತನದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ತುಳಿದವರು ಎಷ್ಟೋ ಮಂದಿ ಇರುವರು.

ಹಾಗೆಂದು ಈ ಏರ್ಪಾಡಿನಲ್ಲಿ ದೋಷವಿಲ್ಲವೆನ್ನುವಂತಿಲ್ಲ. ಕ್ರೆಡಿಟ್ ಎಂಬುದು ನಾಣ್ಯವಾದರೆ, ಅದು ಎಲ್ಲ ಸಂತೆಗಳಲ್ಲಿಯೂ ಒಂದೇ ಬೆಲೆಗೆ ಚಲಾವಣೆಯಾಗದ ನಾಣ್ಯ. ಡಾರ್ಟ್‌ಮತ್ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪರೀಕ್ಷೆಯಲ್ಲಿ ಐದಕ್ಕೆ ಐದು ಅಂಕ ಪಡೆದು ಬಂದಿದ್ದ ನೂರಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳಿಗೆ ತಮ್ಮ ಮೊದಲ ಪಾಠಕ್ರಮದ ಪ್ರಶ್ನೆಗಳನ್ನೇ ಕೊಟ್ಟು ನೋಡಿದಾಗ, ನೂರಕ್ಕೆ ತೊಂಬತ್ತರಷ್ಟು ಮಂದಿ ಉತ್ತೀರ್ಣರಾಗಲಿಲ್ಲ. 2013ರಲ್ಲಿ ಆ ಕಾಲೇಜು ಇಂತಹ ಪರೀಕ್ಷೆಗಳಿಗೆ ಕ್ರೆಡಿಟ್ ಕೊಡುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಇತ್ತ ಇಲಿನಾಯ್ ಪ್ರಾಂತವು 2015ರಲ್ಲಿ, ಮೂರು ಅಂಕ ಬಂದವರಿಗೂ ಸಾರ್ವಜನಿಕ ಕಾಲೇಜುಗಳು ಕ್ರೆಡಿಟ್ ಕೊಡಲೇಬೇಕೆಂದು ಶಾಸನ ಮಾಡಿತು. ಒಂದೇ ಕಾಗದ, ಒಂದು ಬಾಗಿಲಲ್ಲಿ ಚಿನ್ನ, ಇನ್ನೊಂದರಲ್ಲಿ ರದ್ದಿ. ತಾನು ಸೇರಲಿರುವ ಕಾಲೇಜಿನ ನಿಯಮವನ್ನು ಮೊದಲೇ ವಿಚಾರಿಸದೆ ಕ್ರೆಡಿಟ್ ಕೂಡಿಹಾಕಿದವನು ಬೇರೆ ರಾಜ್ಯದ ಹಣವನ್ನು ಗಂಟುಕಟ್ಟಿಕೊಂಡು ಸಂತೆಗೆ ಹೋದಂತೆ.

ಇದಕ್ಕಿಂತ ಸೂಕ್ಷ್ಮವಾದುದು ಅವಸರದ ದೋಷ. ಕಾಲೇಜಿನ ಪ್ರವೇಶಕ್ಕೆ ಸ್ಪರ್ಧೆ ಹೆಚ್ಚಿದಂತೆಲ್ಲ, ಅನುಕೂಲವಂತರ ಮನೆಗಳಲ್ಲಿ ಈ ಪಾಠಗಳು ಕಲಿಕೆಯ ರುಚಿಗಾಗಿರದೆ ಪಟ್ಟಿಯ ಉದ್ದಕ್ಕಾಗಿ ಬೇಕಾಗಿವೆ. ಹತ್ತು ಹನ್ನೆರಡು ಪರೀಕ್ಷೆಗಳನ್ನು ಹೊತ್ತು, ನಡುರಾತ್ರಿಯವರೆಗೆ ದೀಪದ ಮುಂದೆ ಕೂರುವ ಹದಿನೇಳರ ಮಕ್ಕಳು ಅಲ್ಲಿ ಅಪರೂಪವಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆತನಗಳು ಈ ಓಟದ ಹೊರಗಿವೆಯೆಂದು ಹೇಳಲಾಗದು. 1965ರ ವಲಸೆ ಶಾಸನದ ತರುವಾಯ ಆ ದೇಶವನ್ನು ಸೇರಿದ ನಮ್ಮ ವೈದ್ಯರೂ ಇಂಜಿನಿಯರರೂ ಪರೀಕ್ಷೆಯ ಮೆಟ್ಟಿಲುಗಳನ್ನೇರಿಯೇ ಅಲ್ಲಿಗೆ ಹೋದವರು. ತಮ್ಮನ್ನು ದಡ ಸೇರಿಸಿದ ದೋಣಿಯನ್ನೇ ಮಕ್ಕಳಿಗೂ ಕೊಡುವುದು ಸಹಜ. ಆದರೆ ಇಲ್ಲಿ ಒಂದು ಸಂಗತಿಯನ್ನು ಕನ್ನಡಿಗರು ಮನಸ್ಸಿಗೆ ತಂದುಕೊಳ್ಳಬೇಕು. ಆ ಪರೀಕ್ಷೆಗಳ ಪಟ್ಟಿಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನೀ, ಜಪಾನೀ, ಲ್ಯಾಟಿನ್ ಭಾಷೆಗಳಿವೆ, ಕನ್ನಡವಿಲ್ಲ. ಅಲ್ಲಿಯ ಕನ್ನಡ ಕೂಟಗಳ ತರಗತಿಯಲ್ಲಿ ಅ ಆ ಇ ಈ ತಿದ್ದಿ, ಅಜ್ಜಿಯ ಕಾಗದವನ್ನು ತಾನೇ ಓದುವಷ್ಟಾದ ಹುಡುಗಿಗೆ ಆ ಶ್ರಮಕ್ಕಾಗಿ ಈ ಪರೀಕ್ಷಾ ಮಂಡಲಿಯಿಂದ ಒಂದು ಕ್ರೆಡಿಟ್ಟೂ ಬಾರದು. ಲೆಕ್ಕಕ್ಕೆ ಬಾರದೆಂಬ ಕಾರಣದಿಂದ ಆ ತರಗತಿಯನ್ನು ಬಿಡಿಸಿ, ಲೆಕ್ಕಕ್ಕೆ ಬರುವ ಇನ್ನೊಂದನ್ನು ಸೇರಿಸಬೇಕೆಂಬ ಮಾತು ಮನೆಯಲ್ಲಿ ಎದ್ದಾಗ, ತಂದೆತಾಯಿಗಳು ಒಂದು ಗಳಿಗೆ ತಡೆದು ಯೋಚಿಸುವುದು ಒಳ್ಳೆಯದು. ಅಳತೆಗೆ ಸಿಕ್ಕದುದೆಲ್ಲ ಬೆಲೆಯಿಲ್ಲದುದೆಂದು ಮಗುವಿಗೆ ಕಲಿಸಿದಂತಾದರೆ, ಉಳಿದ ಕ್ರೆಡಿಟ್‌ಗಳೆಲ್ಲ ಸೇರಿಯೂ ಆ ನಷ್ಟವನ್ನು ತುಂಬಲಾರವು.

ಅವಸರಕ್ಕೆ ಎದುರಾದ ಒಂದು ದೃಷ್ಟಾಂತವು ನಮ್ಮ ನಾಡಿನಲ್ಲಿಯೇ ಉಂಟು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ, ಕಾಲೇಜಿಗೆ ಸಿದ್ಧಗೊಳಿಸುವ ವಿಶ್ವವಿದ್ಯಾನಿಲಯ ಪ್ರವೇಶ ತರಗತಿಯನ್ನು ‘ಕಾಲೇಜಿಯೇಟ್ ಹೈಸ್ಕೂಲು’ಗಳೆಂಬ ಶಾಲೆಗಳಲ್ಲಿಯೇ ನಡೆಸುತ್ತಿದ್ದರು, ಕಾಲೇಜಿನ ಅಂಗಳವನ್ನು ಹೈಸ್ಕೂಲಿನೊಳಗೆ ಚಾಚುವ ಯೋಚನೆಯು ಹೀಗೆ ನಮ್ಮ ಹಿರಿಯರಿಗೂ ಹೊಸತಾಗಿರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನಲ್ಲಿ ಓದಿದ ಹುಡುಗರಲ್ಲಿ ಆರ್. ಕೆ. ನಾರಾಯಣರೂ ಒಬ್ಬರು, ಅವರ ತಂದೆಯವರೇ ಅಲ್ಲಿಯ ಮುಖ್ಯೋಪಾಧ್ಯಾಯರು. 1925ರಲ್ಲಿ ನಾರಾಯಣರು ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಮುಖ್ಯೋಪಾಧ್ಯಾಯರ ಮಗನಿಗೆ ಆ ಸೋಲು ಹೇಗಿದ್ದೀತೆಂಬುದನ್ನು ಯಾರಾದರೂ ಊಹಿಸಬಹುದು. ಒಂದು ವರ್ಷ ಅವರು ಮನೆಯಲ್ಲಿಯೇ ಉಳಿದು, ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದುತ್ತ, ಬರೆಯುವ ಹವ್ಯಾಸವನ್ನು ಬೆಳೆಸಿಕೊಂಡರು. ಯಾವ ಮಂಡಲಿಯ ಲೆಕ್ಕದಲ್ಲಿಯೂ ಅದು ಕಳೆದುಹೋದ ವರ್ಷ. ಹತ್ತು ವರ್ಷಗಳ ಮೇಲೆ, 1935ರಲ್ಲಿ, ಅವರ ಮೊದಲ ಕಾದಂಬರಿಯು ಪ್ರಕಟವಾಯಿತು. ಎಲ್ಲರೂ ಒಂದು ವರ್ಷ ಸೋತು ಕೂರಬೇಕೆಂಬುದು ಇದರ ತಾತ್ಪರ್ಯವಲ್ಲ. ವರ್ಷವನ್ನು ಉಳಿಸಿಕೊಂಡವನು ಉಳಿದ ವರ್ಷದಲ್ಲಿ ಏನು ಮಾಡುವನೆಂಬುದನ್ನೂ, ಕಳೆದುಕೊಂಡವನು ಕಳೆದ ವರ್ಷದಲ್ಲಿ ಏನನ್ನು ಗಳಿಸಿದನೆಂಬುದನ್ನೂ ನೋಡದೆ ಲಾಭನಷ್ಟಗಳನ್ನು ಎಣಿಸುವುದು ಸಲ್ಲದು.

ಒಟ್ಟಿನಲ್ಲಿ ನೋಡಿದರೆ, ಒಂದೇ ಏರ್ಪಾಡು ಎರಡು ಮನೆಗಳಲ್ಲಿ ಎರಡು ಬಗೆಯಾಗಿ ಕೆಲಸ ಮಾಡುವುದು. ಎಲ್ಲವೂ ಇರುವ ಮನೆಯಲ್ಲಿ ಕ್ರೆಡಿಟ್ ಎಂಬುದು ಇರುವುದರ ಮೇಲೆ ಇನ್ನೊಂದು ಒಡವೆ. ಏನೂ ಇಲ್ಲದ ಮನೆಯಲ್ಲಿ ಅದು, ನಿನ್ನಿಂದಲೂ ಆಗುವುದು ಎಂದು ಜಗತ್ತು ಬರೆದುಕೊಟ್ಟ ಮೊದಲ ಚೀಟಿ. ಗಾರ್‌ಫೀಲ್ಡಿನ ಮಕ್ಕಳಿಗೆ ಕಾಲೇಜಿನ ಒಂದು ಪಾಠಕ್ರಮವು ಉಳಿದುದು ಸಣ್ಣ ಲಾಭ. ತಮ್ಮನ್ನು ಕುರಿತು ಊರೂ ನಾಡೂ ತಾವೂ ನಂಬಿದ್ದುದು ಸುಳ್ಳೆಂದು ಅವರಿಗೆ ತಿಳಿದುದು ದೊಡ್ಡದು. ಆದರೆ ಈ ಎರಡನೆಯ ಬಗೆಯ ಮನೆಗಳಿರುವ ಕಡೆಯಲ್ಲಿಯೇ ಇಂತಹ ಪಾಠಗಳನ್ನು ಹೇಳಬಲ್ಲ ಉಪಾಧ್ಯಾಯರು ಕಡಮೆ. ಹಳ್ಳಿಯ ಶಾಲೆಗೂ ಬಡ ಪೇಟೆಯ ಶಾಲೆಗೂ ಬಾಗಿಲು ತೆರೆದಿದ್ದರೂ ಒಳಗೆ ಕರೆಯುವವರಿಲ್ಲ. ಅಮೆರಿಕದಲ್ಲಿ ಈ ಕೊರತೆಯು ಇಂದಿಗೂ ತೀರಿಲ್ಲ.

ನಮ್ಮಲ್ಲಿ ಇಂತಹ ಲೆಕ್ಕವು ಇನ್ನೂ ಎಳೆಯದು. ಅದನ್ನು ಬರೆಯುವ ಪುಸ್ತಕಗಳೂ ಯಂತ್ರಗಳೂ ಸಿದ್ಧವಾಗುವುದು ಕಷ್ಟವಲ್ಲ. ಹದಿನಾಲ್ಕರಲ್ಲಿ ಒಂಬತ್ತು ಮಂದಿ ಬಿಟ್ಟುಹೋದ ಮೇಲೂ, ಉಳಿದ ಐವರಲ್ಲಿ ಮೂವರು ಸೋತ ಮೇಲೂ, ಮರುವರ್ಷ ಅದೇ ಕಪ್ಪುಹಲಗೆಯ ಮುಂದೆ ನಿಲ್ಲುವ ಉಪಾಧ್ಯಾಯರನ್ನು ಸಿದ್ಧಪಡಿಸುವುದು ಕಷ್ಟ. ಮಗನಿಗೋ ಮೊಮ್ಮಗಳಿಗೋ ಇಷ್ಟು ಕ್ರೆಡಿಟ್‌ಗಳು ಈಗಲೇ ದೊರೆತವೆಂಬ ಸುದ್ದಿ ಬಂದಾಗ ಸಂತೋಷಪಡುವುದು ಯೋಗ್ಯವೇ. ಅದರೊಡನೆ, ಆ ಪಾಠವನ್ನು ಹೇಳಿದವರಾರು, ಅದರಲ್ಲಿ ಮಗುವಿಗೆ ಕಠಿಣವಾದುದು ಯಾವುದು, ಪರೀಕ್ಷೆ ಮುಗಿದ ಮೇಲೂ ಆ ಪುಸ್ತಕವನ್ನು ತೆರೆಯುವ ಮನಸ್ಸಾಗುವುದೇ ಎಂದು ಹಿರಿಯರು ಕೇಳಲಿ. ಮಗುವು ತಡವರಿಸದೆ ಉತ್ತರ ಹೇಳಿದರೆ, ಕ್ರೆಡಿಟ್ಟನ್ನು ಯಾವ ಕಾಲೇಜು ಒಪ್ಪಿದರೂ ಒಪ್ಪದಿದ್ದರೂ ಆ ವಿದ್ಯೆಯು ಅವನದಾಗಿ ಉಳಿಯುವುದು.